ಹೋಗದೇ ಉಳಿದ ಸಂದೇಶ

ಕಚೇರಿಯ ನೆಲ ಒರೆಸಿದ ತೇವ ಇನ್ನೂ ಆರಿಲ್ಲ. ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಖಾಲಿ ಕುರ್ಚಿಗಳ ಸಾಲಿನಲ್ಲಿ ಒಬ್ಬರೇ ಮಹಿಳೆ, ಚಪ್ಪಲಿ ಬಿಟ್ಟು, ಕಾಲು ಮಡಚಿಕೊಂಡು ಪರದೆಯನ್ನು ದಿಟ್ಟಿಸುತ್ತಿದ್ದಾರೆ. ಪರದೆಯಲ್ಲಿ ಏನೂ ನಡೆಯುತ್ತಿಲ್ಲ.

"ಈಗ ಆ ಕಡೆಯವ್ರು ಬಾಯಿ ಬಿಡಲ್ಲ. ಆಗ ನಮ್ಮ ಪ್ರೋಗ್ರಾಂ ಏನ್ ಮಾಡುತ್ತೆ ಅಂತ ನೋಡ್ಬೇಕು," ಎನ್ನುತ್ತಾರೆ.

ಆಸ್ಪತ್ರೆಗಳಿಗೆ ತಂತ್ರಾಂಶ ಮಾಡಿಕೊಡುವ ಸಣ್ಣ ಕಂಪನಿಯಲ್ಲಿ ಅವರು ಟೆಸ್ಟರ್. ಲ್ಯಾಬಿನಲ್ಲಿ ರಕ್ತದ ವರದಿ ಸಿದ್ಧವಾದ ಕೂಡಲೇ ತೆರೆಮರೆಯಲ್ಲಿ ಒಂದು ಪ್ರೋಗ್ರಾಂ ಎಚ್ಚೆತ್ತು, ರೋಗಿಯ ಮನೆಗೆ ಸುದ್ದಿ ಮುಟ್ಟಿಸುವಂತೆ ಹೊರಗಿನ ಮೆಸೇಜ್ ಕಂಪನಿಯನ್ನು ಕೇಳುತ್ತದೆ. ದಿನಕ್ಕೆ ಸಾವಿರಾರು ಸಂದೇಶ. ಪರೀಕ್ಷಿಸುವಾಗ ನಿಜವಾದ ರೋಗಿಗಳಿಗೆ ಮೆಸೇಜ್ ಹೋಗಬಾರದಲ್ಲ, ಅದಕ್ಕೆ ಹೊರಗಿನ ಕಂಪನಿಯ ಜಾಗದಲ್ಲಿ ಅದರಂತೆ ನಟಿಸುವ ಒಂದು ನಕಲಿ ಪ್ರೋಗ್ರಾಂ ಕೂರಿಸುತ್ತಾರೆ. ಸಾಮಾನ್ಯವಾಗಿ ಈ ನಕಲಿಗಳು ಕೇಳಿದ್ದಕ್ಕೆಲ್ಲ ಹೂಂಗುಟ್ಟುತ್ತವೆ. ಇವರು ಕೂರಿಸುವ ನಕಲಿ ತಡಮಾಡುತ್ತದೆ, ತಕರಾರು ತೆಗೆಯುತ್ತದೆ, ಒಮ್ಮೊಮ್ಮೆ ತುಟಿಯನ್ನೇ ಬಿಚ್ಚುವುದಿಲ್ಲ.

"ನಮ್ಮಮ್ಮ ನೆಂಟರ ಹತ್ರ ಹೇಳ್ತಾರೆ, ನನ್ನ ಮಗಳಿಗೆ ಕಂಪ್ಯೂಟರ್‌ಗೆ ಕಾಟ ಕೊಡೋದಕ್ಕೇ ಸಂಬಳ ಅಂತ." ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕಳೆದ ವರ್ಷ ಇಂಥದೇ ಪರೀಕ್ಷೆಯಲ್ಲಿ ಅವರಿಗೊಂದು ತಪ್ಪು ಸಿಕ್ಕಿತ್ತು. ಆ ಕಡೆಯಿಂದ ಉತ್ತರವೇ ಬಾರದಿದ್ದರೆ ಪ್ರೋಗ್ರಾಂ ಮತ್ತೆ ಪ್ರಯತ್ನಿಸದೆ, 'ಕಳಿಸಲಾಗಿದೆ' ಎಂದು ಗುರುತು ಹಾಕಿ ಕೈತೊಳೆದುಕೊಳ್ಳುತ್ತಿತ್ತು. ತಂಡದ ಮುಖ್ಯಸ್ಥರಿಗೆ ತೋರಿಸಿದರು. "ನಿಮ್ಮ ಟೆಸ್ಟ್ ಪಾಸಾಗದೆ ಹೊಸದೇನೂ ಆಸ್ಪತ್ರೆಗೆ ಕೊಡೋಕಾಗಲ್ಲ, ಎಲ್ಲಾ ಕೆಲಸ ನಿಂತುಹೋಗ್ತಿದೆ. ಸದ್ಯಕ್ಕೆ ಪಕ್ಕಕ್ಕಿಡಿ, ಆಮೇಲೆ ನೋಡೋಣ," ಎಂದರು ಅವರು. ಆ 'ಆಮೇಲೆ' ಬರಲಿಲ್ಲ.

ಒಂದು ಬೆಳಿಗ್ಗೆ ಮೆಸೇಜ್ ಕಂಪನಿ ನಿಜಕ್ಕೂ ಮೌನವಾಯಿತು. ಅದೇ ಹೊತ್ತಿಗೆ ವಯಸ್ಸಾದ ಮಹಿಳೆಯೊಬ್ಬರ ವರದಿ ಸಿದ್ಧವಾಗಿತ್ತು: ಪೊಟ್ಯಾಸಿಯಂ ಅಪಾಯದ ಮಟ್ಟದಲ್ಲಿದೆ, ಕೂಡಲೇ ಕರೆತನ್ನಿ. ಸೊಸೆಯ ಫೋನಿಗೆ ಬರಬೇಕಿದ್ದ ಸಂದೇಶ ಬರಲಿಲ್ಲ. ಸಂಜೆಯಾಗುವಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು. ಆಸ್ಪತ್ರೆಯ ಕಂಪ್ಯೂಟರ್ 'ಕಳಿಸಲಾಗಿದೆ' ಎಂದೇ ತೋರಿಸುತ್ತಿತ್ತು. ಮನೆಯವರಿಗೆ ಅಷ್ಟು ಸಾಕಾಯಿತು. ನೋಡಿಯೂ ಸುಮ್ಮನಿದ್ದಳೆಂದು ಸೊಸೆಯನ್ನು ಬಾಯಿಗೆ ಬಂದಂತೆ ಬೈದರು. ನಾದಿನಿ ಮನೆಗೆ ಬರುವುದನ್ನೇ ಬಿಟ್ಟಳು.

ಆಸ್ಪತ್ರೆಯ ವಿಚಾರಣೆ ಕೊನೆಗೆ ಈ ಟೆಸ್ಟರ್ ಮೇಜಿಗೇ ಬಂತು. ನಿಜ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊರಗೆ ಬಾಯಿ ಬಿಡಬೇಡಿ ಎಂದರು ಕಂಪನಿಯ ಮೇಲಿನವರು. ಇವರು ವಿಳಾಸ ಹುಡುಕಿಕೊಂಡು ಆ ಮನೆಗೇ ಹೋದರು.

"ನಿಮಗೆ ಮೆಸೇಜ್ ಬಂದೇ ಇರ್ಲಿಲ್ಲಮ್ಮ. ತಪ್ಪು ನಮ್ಮದು."

ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಕ್ಕ. ಬಂದಿತ್ತೇನೋ. ಗೊತ್ತಾಗ್ದೆ ನಾನೇ ಅಳಿಸಿಬಿಟ್ಟೆನೇನೋ."

ಒಳಗಿಂದ ಗಂಡ ಬಂದ. "ಆಸ್ಪತ್ರೆಯವ್ರೇ ಕಳಿಸಿದ್ದೀವಿ ಅಂತಿದ್ದಾರೆ. ನೀವ್ಯಾರ್ರೀ ನಡುವೆ?" ಎಂದು ಬಾಗಿಲು ಹಾಕಿಕೊಂಡ.

ಆಮೇಲೆ ಪ್ರೋಗ್ರಾಂ ಸರಿಹೋಯಿತು. ಪಕ್ಕಕ್ಕಿಟ್ಟ ಪರೀಕ್ಷೆ ಈಗ ಪ್ರತಿದಿನ ನಡೆಯುತ್ತದೆ. ಕಂಪನಿ ಮಾತ್ರ ಆ ಮನೆಗೆ ಒಂದು ಮಾತೂ ಹೇಳಿಲ್ಲ. ಇವರು ಅಲ್ಲಿಗೆ ಹೋಗಿದ್ದು ಗೊತ್ತಾದ ಮೇಲೆ ಸಹೋದ್ಯೋಗಿಗಳು ಊಟಕ್ಕೂ ಕರೆಯುವುದಿಲ್ಲ. ಕೆಲಸ ಉಳಿದಿದೆ, ಮಾತುಕತೆ ಉಳಿದಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಪರದೆಯಿಂದ ಕಣ್ಣು ತೆಗೆಯದೆಯೇ ಹೇಳುತ್ತಾರೆ.

"ಮತ್ತೊಂದ್ಸಲ ಹೋಗಿದ್ದೆ, ಬಾಗಿಲು ತೆಗೀಲಿಲ್ಲ. ಪಕ್ಕದ್ಮನೆಯವ್ರು ಹೇಳಿದ್ರು, ಆ ಹುಡುಗಿ ಈಗ್ಲೂ ಹಳೇ ಮೆಸೇಜೆಲ್ಲ ತೆಗೆದು ಹುಡುಕ್ತಾ ಕೂತಿರ್ತಾಳಂತೆ. ಹುಡುಕೋದು ಬಿಟ್ಟರೆ ಸಾಕು ನನಗೆ. ಇಲ್ಲದ್ದು ಎಲ್ಲಿಂದ ಸಿಗುತ್ತೆ ಅವಳಿಗೆ?"