ಫಿನಾಯಿಲಮ್ಮನ ಕೈ

ನಮ್ಮಕ್ಕನಿಗೆ ಬೀದಿಯವರೆಲ್ಲ ಸೇರಿ ಫಿನಾಯಿಲಮ್ಮ ಎಂದು ಹೆಸರಿಟ್ಟಿದ್ದರು. ಇಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ಹಗಲೆಲ್ಲ ನೋಡಿಕೊಳ್ಳಲು ಮನೆಯ ಮುಂದಿನ ಕೋಣೆಯನ್ನೇ ಬಿಟ್ಟುಕೊಟ್ಟಿದ್ದಳು. ಅದರ ನೆಲ ಮುಖ ಕಾಣುವಷ್ಟು ಹೊಳೆಯಬೇಕು. ಬಾಗಿಲಲ್ಲೇ ನಿಲ್ಲಿಸಿಕೊಂಡು ಉಗುರು ನೋಡುತ್ತಿದ್ದಳು. ಮಕ್ಕಳದ್ದಲ್ಲ, ತಾಯಂದಿರದ್ದು! ಕೊರಳಲ್ಲಿ ಸದಾ ಸ್ಯಾನಿಟೈಸರ್ ಬಾಟಲಿ. ಎರಡು ಹನಿ ತಿಕ್ಕಿಕೊಂಡರೆ ಮುಗಿಯಿತು, ಸೋಪು ನೀರಿನ ಗೋಜಿಗೇ ಹೋಗುತ್ತಿರಲಿಲ್ಲ. ಬಾಳೆಹಣ್ಣನ್ನು ಬೆರಳಲ್ಲೇ ಹಿಸುಕಿ ಮಕ್ಕಳ ಬಾಯಿಗಿಡುತ್ತಿದ್ದಳು. ಚಮಚದಲ್ಲಾದರೆ ಗಂಟು ಉಳಿಯುತ್ತದಂತೆ.

ಒಂದು ಭಾನುವಾರ ಅವಳಿಗೇ ವಾಂತಿಭೇದಿ ಹತ್ತಿಕೊಂಡಿತು. ಸೋಮವಾರ ಬೆಳಿಗ್ಗೆ ಮುಖ ಬಿಳಚಿಕೊಂಡಿತ್ತು.

"ಇವತ್ತೊಂದಿನ ಬಾಗಿಲು ಹಾಕೇ" ಎಂದೆ.

"ನಿಂತೋಯ್ತಲ್ಲ! ಯಾವತ್ತಾದ್ರೂ ಹಾಕಿದೀನಾ ನಾನು?" ಎಂದು ನನ್ನ ಮೇಲೇ ರೇಗಿದಳು. ಹಟಕ್ಕೆ ಬಿದ್ದರೆ ಅವಳು ಯಾರ ಮಾತನ್ನೂ ಕೇಳುವವಳಲ್ಲ.

ಬುಧವಾರ ಬೆಣ್ಣೆ ವಾಂತಿ ಮಾಡಿತು. ಬೆಣ್ಣೆ ಎಂದರೆ ಟೈಲರಮ್ಮನ ಮಗಳು, ಆಗಷ್ಟೇ ತಪ್ಪುಹೆಜ್ಜೆ ಇಡುತ್ತಿದ್ದ ಕೂಸು. ಸಂಜೆ ಕರೆದೊಯ್ಯಲು ಬಂದ ತಾಯಂದಿರೆಲ್ಲರ ಎದುರು ಅಕ್ಕ ಅದರ ಹಾಲಿನ ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದಳು.

"ನೋಡ್ರಮ್ಮಾ, ಹೆಂಗಿಟ್ಕೊಂಡಿದಾಳೆ! ಬಟ್ಟೆ ಹೊಲಿಯೋಕೆ ಬರುತ್ತೆ, ಬಾಟ್ಲಿ ತೊಳೆಯೋಕೆ ಬರಲ್ಲ!"

ಟೈಲರಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ತಲೆ ತಗ್ಗಿಸಿ ನಡೆದುಬಿಟ್ಟಳು.

ಮಾರನೇ ದಿನ ಇನ್ನೆರಡು ಮಕ್ಕಳಿಗೂ ಶುರುವಾಯಿತು. ಬೆಣ್ಣೆಗಂತೂ ಕಣ್ಣು ಗುಳಿಬಿದ್ದು, ಅತ್ತರೆ ಕಣ್ಣೀರೂ ಬಾರದಂತಾಗಿ, ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು. ನಾವಿಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಮಕ್ಕಳ ಡಾಕ್ಟರು ಅಕ್ಕನನ್ನು ಹೊರಗೆ ಕರೆದು, ಮೊದಲು ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು.

"ನನಗೆ, ಭಾನುವಾರ. ಸೋಮವಾರಕ್ಕೆಲ್ಲ ನಿಂತಿತ್ತು ಡಾಕ್ಟ್ರೇ. ಕೈಗೆ ಇದನ್ನ ಹಾಕ್ಕೊಂಡೇ ತಿನ್ಸಿದ್ದು" ಎಂದು ಅಕ್ಕ ಕೊರಳ ಬಾಟಲಿ ತೋರಿಸಿದಳು.

"ನೊರೋವೈರಸ್ ಇರ್ಬೇಕು. ವಾಂತಿ ನಿಂತ್ಮೇಲೂ ಅದು ಮೈಯಿಂದ ಹೊರಗೆ ಬರ್ತಾನೇ ಇರುತ್ತೆ. ಎರಡು ದಿನನಾದ್ರೂ ಮಕ್ಕಳ ಹತ್ರ ಹೋಗ್ಬಾರ್ದಿತ್ತು. ಈ ಬಾಟ್ಲಿ ಅದಕ್ಕೆ ಸಾಲಲ್ಲ. ಸೋಪು ಹಚ್ಚಿ ಹರಿಯೋ ನೀರಲ್ಲಿ ತಿಕ್ಕಿ ತೊಳೀಬೇಕು. ದೊಡ್ಡವರಿಗೆ ಒಂದೆರಡು ದಿನದ ಕಾಟ ಅಷ್ಟೇ. ಇಷ್ಟು ಚಿಕ್ಕವಕ್ಕೆ ಮೈಯಲ್ಲಿರೋ ನೀರೇ ಬತ್ತಿ ಜೀವಕ್ಕೇ ಬರುತ್ತೆ."

ಅಕ್ಕ ಬಾಟಲಿಯನ್ನು ಕೊರಳಿಂದ ತೆಗೆದು ಚೀಲದ ತಳಕ್ಕೆ ತುರುಕಿದಳು. ನಾಚಿಕೆಯಿಂದ ಅವಳ ಕಿವಿಯವರೆಗೂ ಕೆಂಪೇರಿತ್ತು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದಳು.

"ಮನೆಗೆ ಹೋಗೋಣ ಬಾರೇ. ಟೈಲರಮ್ಮಂಗೆ ನಾಳೆ ಹೇಳಿದ್ರಾಯ್ತು" ಎಂದಳು.

ನನಗೆ ಪಿತ್ತ ನೆತ್ತಿಗೇರಿತು. "ಬೈಯೋವಾಗ ಬೀದಿಗೆಲ್ಲ ಕೇಳ್ಸಿತ್ತು. ಈಗೇನು ಬಾಯಿಗೆ ಬೀಗ ಬಿತ್ತಾ?"

ಒಳಗೆ ಹೋದೆವು. ಅರ್ಧ ಡ್ರಿಪ್ ಇಳಿದಿದ್ದರಿಂದ ಬೆಣ್ಣೆ ತುಸು ಚೇತರಿಸಿಕೊಂಡು ಕೂತಿತ್ತು. ನಮ್ಮನ್ನು ಕಂಡದ್ದೇ ಟೈಲರಮ್ಮ ದಡಬಡನೆ ಎದ್ದು ಎರಡೂ ಕೈಗಳನ್ನು ಅಕ್ಕನ ಮುಂದೆ ಚಾಚಿದಳು. ಉಗುರುಗಳನ್ನು ರಕ್ತ ಒಸರುವಷ್ಟು ಬುಡಕ್ಕೆ ಕತ್ತರಿಸಿಕೊಂಡಿದ್ದಳು.

"ನೋಡಿ ಅಕ್ಕಾ, ಪೂರ್ತಿ ತೆಗ್ದಿದೀನಿ. ಆ ಬಾಟ್ಲೀನೂ ಎಸೆದ್ಬಿಟ್ಟೆ. ನನ್ನಿಂದ್ಲೇ ಆಗಿದ್ದು. ಮಗೂನ ಮತ್ತೆ ಸೇರಿಸ್ಕೊತೀರಲ್ವಾ?"

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. "ಕೈ ಇಳಿಸಮ್ಮಾ. ನಿಂದೇನೂ ತಪ್ಪಿಲ್ಲ. ನಂಗೆ ಬಂದಿತ್ತು, ಈ ಕೈಯಲ್ಲೇ ಅದಕ್ಕೆ ತಿನ್ಸಿದೆ. ಎಲ್ಲರೆದುರು ನಿನ್ನ ಬೈದೆ, ಎಲ್ಲರೆದುರೂ ಹೇಳ್ತೀನಿ."

ಟೈಲರಮ್ಮ ತನ್ನ ಉಗುರುಗಳನ್ನೇ ನೋಡುತ್ತ ನಿಂತಳು.

ಬೆಣ್ಣೆಗೆ ಇದೆಲ್ಲ ಏನು ಗೊತ್ತು? ಎತ್ತಿಕೋ ಎಂದು ಡ್ರಿಪ್ ಹಾಕಿದ್ದ ಕೈಯನ್ನೇ ಅಕ್ಕನ ಕಡೆ ಚಾಚಿತು. ಅಕ್ಕ ತಪ್ಪು ಮಾಡಿದ ಮಗುವಿನಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಕೂಸು ಅಳತೊಡಗಿತು; ಈ ಸಲ ಕಣ್ಣೀರು ಬಂತು. ಟೈಲರಮ್ಮ ಅದನ್ನು ಎದೆಗವಚಿಕೊಂಡು ನಮ್ಮ ಕಡೆ ಬೆನ್ನು ಮಾಡಿ ಕೂತಳು.