ರಾಶಿ ಬಿಸಿಯಾಗುವ ಮೊದಲು

ಪಿಎಚ್‌ಡಿಗೆ ಸೇರಿದ ವಾರವೇ ಸಂದಸ್‌ಗೆ ಅವಳ ಮಾರ್ಗದರ್ಶಕ ಪ್ರೊಫೆಸರ್ ಮುಂಜಿ ಹೇಳಿದ್ದು ಒಂದೇ ಮಾತು: "ಪ್ರಬಂಧ ಮುಗಿಸಮ್ಮ, ಆಮೇಲೆ ಸರ್ಕಾರ ಕೆಲಸಕ್ಕೆ ಕರೆಯೋವರೆಗೂ ಕಾಯಿ." ಅವರ ಪ್ರಯೋಗಾಲಯದಲ್ಲೇ ಪಿಎಚ್‌ಡಿ ಮುಗಿಸಿದ ಹಾತೆಮ್ ಐದು ವರ್ಷದಿಂದ ಕಾಯುತ್ತಲೇ ಇದ್ದ. ವರ್ಷಕ್ಕೆರಡು ಸಲ ಟ್ಯೂನಿಸ್‌ಗೆ ಹೋಗಿ, ಸಚಿವಾಲಯದ ಮುಂದೆ ಫಲಕ ಹಿಡಿದು ನಿಂತು, ಸಂಜೆಯ ರೈಲಿನಲ್ಲಿ ಸ್ಫಾಕ್ಸ್‌ಗೆ ಮರಳುತ್ತಿದ್ದ.

ಸಂದಸ್ ಲೆಕ್ಕ ಹಾಕಿದಳು. ತನ್ನ ವಿಷಯವಾದ ಆಹಾರ ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದು ಕಾಯುತ್ತಿರುವವರು ಅರವತ್ತೊಂದು ಮಂದಿ. ನಾಲ್ಕು ವರ್ಷದಲ್ಲಿ ಕರೆದ ಹುದ್ದೆ ಎರಡು. ಊರಿನ ಸುತ್ತ ಮಾತ್ರ ಆಲಿವ್ ಗಾಣಗಳು ನೂರಾರು, ಎಣ್ಣೆಯ ದೋಷ ಗುರುತಿಸಬಲ್ಲವರು ಬೆರಳೆಣಿಕೆ. ಪ್ರಬಂಧ ಮಂಡಿಸುವ ಮೊದಲೇ ಗಾಣದಲ್ಲಿ ಕೆಲಸ ಗಿಟ್ಟಿಸಬೇಕೆಂದು ಅವಳು ನಿಶ್ಚಯಿಸಿದಳು. ಎರಡು ವರ್ಷ ಪ್ರತಿ ಗುರುವಾರ ಎಣ್ಣೆ ಮೂಸಿ, ರುಚಿ ನೋಡಿ ದೋಷ ಹೇಳುವುದನ್ನು ಕಲಿತಳು.

"ಗಾಣಕ್ಕೆ ಹೋಗೋಕೆ ಇಷ್ಟು ಓದಬೇಕಿತ್ತಾ?" ಎಂದಳು ತಾಯಿ ಸಾಲ್ಹಾ. "ನಿಮ್ಮಪ್ಪ ಓದದೇನೇ ಹೋಗಿ ಇಪ್ಪತ್ತು ವರ್ಷ ಚೀಲ ಹೊತ್ತ."

ಅಪ್ಪ ಚೀಲ ಹೊತ್ತದ್ದು ಹಾಜಿ ತಿಜಾನಿಯವರ ಗಾಣದಲ್ಲಿ. ಆ ಗುರುತಿನಿಂದಲೇ ಅಲ್ಲಿ ಪ್ರಬಂಧಕ್ಕೆ ಬೇಕಾದ ಅಳತೆ ಮಾಡಲು ಅವಳಿಗೆ ಅನುಮತಿ ಸಿಕ್ಕಿತ್ತು. ಕಿತ್ತ ಆಲಿವ್ ಕಾಯಿಯನ್ನು ಹಾಜಿ ಎಂಟು ದಿನ ಅಂಗಳದಲ್ಲಿ ರಾಶಿ ಹಾಕುತ್ತಿದ್ದರು. ರಾಶಿಯೊಳಗೆ ಕೈಯಿಟ್ಟರೆ ಬೆಚ್ಚಗಾಗಬೇಕು. ಆಗಲೇ ಅದು ಗಾಣಕ್ಕೆ ಹದ ಎಂಬುದು ಅವರ ತಂದೆಯ ಕಾಲದ ನಂಬಿಕೆ. ಆ ಶಾಖಕ್ಕೆ ಕಾಯಿ ಹುಳಿಯುತ್ತದೆ ಎನ್ನುವುದೇ ಸಂದಸ್‌ಳ ಪ್ರಬಂಧ.

"ಅವತ್ತಿಂದು ಅವತ್ತೇ ಅರೆದ್ರೆ ಗಂಟಲು ಕೆರೆಯುತ್ತೆ ಮಗಳೇ. ಅದೇನು ಎಣ್ಣೆಯೋ, ಮೆಣಸಿನಕಾಯಿಯೋ?"

"ಒಳ್ಳೇ ಎಣ್ಣೆ ಕೆರೀಲೇಬೇಕು ಹಾಜಿ. ನನ್ನನ್ನ ಕೆಲಸಕ್ಕಿಟ್ಟು ನೋಡಿ."

ಹಾಜಿ ಗಡ್ಡ ನೀವಿಕೊಂಡರು. "ಬಂದರಿನಿಂದ ರವ್ದಾ ಬರ್ತಾಳೆ, ಎಣ್ಣೆ ಕೊಳ್ಳೋಕೆ. ಅವಳು ನಿನ್ನದನ್ನ ಆರಿಸಿದ್ರೆ ಕೆಲಸ ನಿಂದು. ನನ್ನದನ್ನ ಆರಿಸಿದ್ರೆ ನಿನ್ನ ಥರ್ಮಾಮೀಟರ್ ಎತ್ಕೊಂಡು ಹೋಗ್ತಾ ಇರು. ಪ್ರಬಂಧ ಗಿಬಂಧ ಬೇರೆ ಕಡೆ."

ಸಂದಸ್ ಒಪ್ಪಿದಳು. ಸೋತರೆ ಕೆಲಸದ ಜೊತೆಗೆ ಮೂರನೆಯ ವರ್ಷದ ಅಳತೆಗಳೂ ಅರ್ಧಕ್ಕೇ ನಿಲ್ಲುತ್ತಿದ್ದವು. ಒಂದೇ ತೋಟದಲ್ಲಿ ಒಂದೇ ದಿನ ಕಿತ್ತ ಕಾಯಿಯನ್ನು ಎರಡು ಪಾಲು ಮಾಡಿಸಿದಳು. ಒಂದು ಪಾಲನ್ನು ಅಂದೇ ಸಂಜೆ ಅರೆದರು. ಇನ್ನೊಂದು ಎಂಟು ದಿನ ಅಂಗಳದಲ್ಲಿ ಬಿದ್ದಿದ್ದು ಆಮೇಲೆ ಗಾಣಕ್ಕೆ ಹೋಯಿತು.

ರವ್ದಾ ಬಂದ ಬೆಳಿಗ್ಗೆ ಸಂದಸ್ ಎರಡು ನೀಲಿ ಲೋಟಗಳಲ್ಲಿ ಎಣ್ಣೆ ಹಾಕಿ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಟ್ಟಳು. ಯಾವುದು ಯಾವುದೆಂದು ಹೇಳಲಿಲ್ಲ. ಹಾಜಿ ತಾಳಲಾರದೆ ತಾವೇ ಮೊದಲು ರೊಟ್ಟಿ ಅದ್ದಿದರು. ಮೊದಲ ಲೋಟಕ್ಕೆ ಕೆಮ್ಮಿ, "ಇದು ಹುಡುಗೀದು" ಎಂದು ನಕ್ಕರು. ಎರಡನೆಯದಕ್ಕೆ ಕಣ್ಣು ಮುಚ್ಚಿ, "ಆಹಾ, ಇದು ನಮ್ಮಪ್ಪಂದು" ಎಂದರು.

ರವ್ದಾ ಮೊದಲ ಲೋಟವನ್ನು ಗುಟುಕರಿಸಿ ಎರಡು ಸಲ ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುತ್ತಲೇ, "ಇದು ಎಷ್ಟು ಟ್ಯಾಂಕ್ ಇದೆ?" ಎಂದು ಕೇಳಿದಳು. ಎರಡನೆಯದನ್ನು ಮೂಸಿದವಳು ಬಾಯಿಗಿಡದೆ ಕೆಳಗಿಟ್ಟಳು.

"ಇದು ಸೋಪು ಮಾಡೋಕೆ ಆಗುತ್ತೆ ಹಾಜಿ."

ಹಾಜಿ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದರು, ತಿಂದು ಮುಗಿಸಿದರು. ರವ್ದಾ ಟ್ಯಾಂಕ್ ನೋಡಲು ಹೋದ ಮೇಲೆ, "ಸರಿ, ಸೋಮವಾರದಿಂದ ಬಾ" ಎಂದರು.

"ಬರ್ತೀನಿ. ಆದ್ರೆ ಏಪ್ರಿಲ್‌ವರೆಗೆ ವಾರಕ್ಕೆ ಮೂರೇ ದಿನ; ಉಳಿದದ್ದು ಪ್ರಬಂಧಕ್ಕೆ. ಇಲ್ಲಿಯ ಅಳತೆಗಳೆಲ್ಲ ಪ್ರಬಂಧಕ್ಕೆ ಸೇರ್ತವೆ. ಕಾಯಿ ಒಂದು ದಿನಕ್ಕಿಂತ ಹೆಚ್ಚು ಅಂಗಳದಲ್ಲಿ ಇರಬಾರದು. ಕರಾರಿಗೆ ಸಹಿ ಹಾಕಿ."

"ಕೆಲಸ ಕೇಳೋಕೆ ಬಂದವಳು ನೀನಾ, ನಾನಾ?"

ಸಂದಸ್ ಮೊದಲೇ ಬರೆದು ತಂದಿದ್ದ ಕರಾರಿನ ಕಾಗದ ಮುಂದಿಟ್ಟಳು. ಹಾಜಿ ಓದಿ, ಇನ್ನೊಮ್ಮೆ ಓದಿ, ಸಹಿ ಹಾಕಿದರು.

"ಇನ್ನೇನಾದ್ರೂ ಉಂಟಾ?"

"ಹೊರಗಿರೋ ರಾಶಿ ಒಳಗೆ ಈಗ ಮೂವತ್ತೆಂಟು ಡಿಗ್ರಿ ಇದೆ. ಅದನ್ನ ಇವತ್ತೇ ಅರೆದು ಬೇರೆ ಟ್ಯಾಂಕಿಗೆ ಹಾಕಿಸಿ. ಒಳ್ಳೇದಕ್ಕೆ ಒಂದು ಹನಿಯೂ ಬೆರೀಬಾರದು."

ಹಾಜಿ ಎದ್ದು ಬಾಗಿಲಿಗೆ ಹೋಗಿ ಆಳುಗಳನ್ನು ಕೂಗಿದರು. "ಏ, ಬನ್ರೋ ಇಲ್ಲಿ. ಇನ್ನು ಮೇಲೆ ಡಾಕ್ಟ್ರಮ್ಮ ಹೇಳಿದಂಗೆ ಮಾಡಿ."

ಪ್ರಬಂಧ ಮಂಡನೆಗೆ ಇನ್ನೂ ಐದು ತಿಂಗಳಿತ್ತು. ಆದರೂ ‘ಡಾಕ್ಟ್ರಮ್ಮ’ ಎಂದದ್ದೊಂದನ್ನು ಮಾತ್ರ ಸಂದಸ್ ತಿದ್ದಲಿಲ್ಲ.