ಹವಾಲ್ದಾರ್ ಬಾಯಾರು ತಿರುಗಿಸಿದ ಪಟ್ಟಿ

ಗೋಕಾಕದ ಪೊಲೀಸ್ ಠಾಣೆಯಲ್ಲಿ ಒಬ್ಬರು ಹೆಂಗಸು ಹವಾಲ್ದಾರ್ ಇದ್ದರು; ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ಠಾಣೆಯೆಲ್ಲ ಅದನ್ನೇ ಹುಡುಕುತ್ತಿದ್ದರು. ಬಸ್‌ಸ್ಟ್ಯಾಂಡಿನ ಬಾಜೂ ಆಗ ನನ್ನದೊಂದು ಇಂಟರ್‌ನೆಟ್ ಅಂಗಡಿ. ಅಲ್ಲಿಂದ ಯಾರೋ ಮಕ್ಕಳ ಕೆಟ್ಟ ಫೋಟೊ ಕಳಿಸಿದ್ದಾರೆಂದು ದೂರು ಬಂತು. ನನ್ನ ರಜಿಸ್ಟರಿನಲ್ಲಿ ಮೂವರ ಮೇಲೆ ಸಂಶಯ ಹುಟ್ಟಿತು. ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರು ಒಂದು ಹಾಳೆಯಲ್ಲಿ ಕೆದರಿದ ಕೂದಲಿನ ಲಾರಿ ಡ್ರೈವರನ ಹೆಸರು ಮೊದಲು ಬರೆದು, ಇಸ್ತ್ರಿ ಅಂಗಿಯ ಟ್ಯೂಷನ್ ಮಾಸ್ತರನನ್ನು ಕೊನೆಗಿಟ್ಟರು.

“ಮಾರಿ ನೋಡಬ್ಯಾಡ್ರಿ ಸಾಹೇಬ್ರ. ಕೈಗೆ ಸಿಗೂ ಮಕ್ಕಳ ಎಷ್ಟ ಅದಾವ, ಅದನ್ನ ನೋಡ್ರಿ,” ಎಂದರು ಬಾಯಾರು. ಇಂಥ ಕೇಸು ಬಂದಾಗಲೆಲ್ಲ ಅವರದು ಅದೇ ಮಾತು.

“ಡ್ರೈವರ ಒಬ್ಬನ ಇರ್ತಾನ. ಮಾಸ್ತರನ ಮನಿಗೆ ದಿನಾ ಇಪ್ಪತ್ತ ಮಕ್ಕಳ ಬರ್ತಾವ. ಆದರ ಅಂವಾ ಭಾಳ ಸಭ್ಯ ಮನಷ್ಯಾ,” ಎಂದರು ಸಾಹೇಬರು.

ಬಾಯಾರು ಹಾಳೆಯನ್ನು ತಲೆಕೆಳಗು ಮಾಡಿ ಅವರ ಮುಂದಿಟ್ಟರು. “ಈಗ ಮಾಸ್ತರ ಮ್ಯಾಲ ಬಂದ್ರು ನೋಡ್ರಿ.”

ಸಾಹೇಬರು ನಕ್ಕರು, ಆದರೆ ಜೀಪು ತರಿಸಿದರು. ಮಾಸ್ತರನ ಮನೆಯ ಕಂಪ್ಯೂಟರ್ ತೆರೆಯಲು ನನ್ನನ್ನೂ ಕರೆದೊಯ್ದರು. ಅದರೊಳಗೆ ಅಂಥವೇ ಫೋಟೊಗಳಿದ್ದುದನ್ನು ನೋಡಿ ನಾನು ಪರದೆಯನ್ನು ಸಾಹೇಬರ ಕಡೆ ತಿರುಗಿಸಿದೆ. ಸಾಹೇಬರು ಮಾಸ್ತರನ ತೋಳು ಹಿಡಿದರು.

ಪಡಸಾಲೆಯಲ್ಲಿ ಮಕ್ಕಳು ಮಗ್ಗಿ ಒದರುತ್ತಿದ್ದರು. ಬಾಯಾರು ಅಲ್ಲಿಗೆ ಹೋಗಿ ಚಪ್ಪಾಳೆ ತಟ್ಟಿದರು. “ಇವತ್ತ ಸೂಟಿ! ಓಡ್ರಿ ಮನಿಗೆ!”

ಮಕ್ಕಳು ಕೇಕೆ ಹಾಕುತ್ತ ಓಡಿದರು. ಬಾಗಿಲಲ್ಲಿ ನಿಂತು ಬಾಯಾರು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದರು, ಇಪ್ಪತ್ತಾಗುವವರೆಗೆ.